ಕೈ ಜಾರಿದರೆ ಜಾರಲಿ

ಭುಜ ಕಳಚಿಕೊಂಡು ಬಂದವರನ್ನು ಬಾಗಿಲಲ್ಲೇ ಗುರುತು ಹಿಡಿಯಬಹುದು. ಒಳ್ಳೆಯ ಕೈಯಲ್ಲಿ ನೋಯುವ ಕೈಯನ್ನು ಕೂಸಿನಂತೆ ಎತ್ತಿಕೊಂಡು, ಒಂದು ಪಕ್ಕಕ್ಕೆ ವಾಲಿಕೊಂಡು, ಯಾರೂ ಮುಟ್ಟದಿದ್ದರೆ ಸಾಕು ಎನ್ನುವ ಮುಖದಲ್ಲಿ ಬರುತ್ತಾರೆ. ಸಕಲೇಶಪುರದಿಂದ ಹಾಸನಕ್ಕೆ 40 ಕಿ.ಮೀ. ದಾರಿಯಲ್ಲಿ ಎಷ್ಟು ಹಂಪ್ ಇವೆ ಎಂದು ಇವರನ್ನು ಕೇಳಿದರೆ ಲೆಕ್ಕ ತಪ್ಪದೆ ಹೇಳಿಯಾರು. ಅಂಥವರ ಕೈಗೆ ಸೂಜಿ ಹಾಕಿ, ಔಷಧ ಕೊಟ್ಟು, ಅದು ಹಿಡಿಯುವ ತನಕ ಕಾಯುವ ಹೊತ್ತಿನಲ್ಲಿ ನಾವು ಕೊಡುವುದು ಎಳೆದುಕೊಳ್ಳುವ ಗ್ಯಾಸ್: ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಕ್ಸಿಜನ್. ಎಂಟೊನಾಕ್ಸ್ ಎಂದು ಕರೆಯುವುದು ಇದನ್ನೇ. ಕಳಚಿದ ಒಂದು ಭುಜವನ್ನು ಮತ್ತೆ ಕೂರಿಸುವ ಕೆಲಸದಲ್ಲಿ ಇದು ಶುರುವಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ, ಎಲ್ಲೆಲ್ಲಿ ಕೈಕೊಡುತ್ತದೆ ಎನ್ನುವುದನ್ನು ಬರೆಯುತ್ತಿದ್ದೇವೆ. ಕ್ಯಾಷುವಾಲ್ಟಿಯಲ್ಲೋ ಆಂಬುಲೆನ್ಸಿನಲ್ಲೋ ಕೆಲಸ ಮಾಡುವವರಿಗೆ ಉಪಯೋಗವಾದೀತು.

ಮೊದಲ ತೊಡಕು ಹೆಸರಿನಲ್ಲೇ ಇದೆ. ನಮ್ಮ ಕಡೆ ಗ್ಯಾಸ್ ಅಂದರೆ ಎರಡೇ ಅರ್ಥ, ಒಂದು ಒಲೆಯದು, ಇನ್ನೊಂದು ಹೊಟ್ಟೆಯದು. "ಯಜಮಾನ್ರೇ, ಗ್ಯಾಸ್ ಕೊಡ್ತೀವಿ" ಅಂದರೆ "ನಂಗೆ ಗ್ಯಾಸ್ಟ್ರಿಕ್ ಏನಿಲ್ಲ ಸಾರ್, ಭುಜ ನೋಡಿ" ಅನ್ನುತ್ತಾರೆ. ಅದಕ್ಕೇ "ನೋವು ಕಮ್ಮಿ ಮಾಡೋ ಗಾಳಿ" ಎನ್ನುತ್ತೇವೆ. ಪ್ರಜ್ಞೆ ತಪ್ಪುವುದಿಲ್ಲ ಎಂಬುದನ್ನು ಅದೇ ಉಸಿರಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಜೊತೆಗೆ ಬಂದವರು ಆಪರೇಷನ್ ಎಂದುಕೊಂಡು ಊರಿಗೆಲ್ಲ ಫೋನ್ ಹಚ್ಚುತ್ತಾರೆ.

ಕೊಡುವ ಮುಂಚೆ ಯಾರಿಗೆ ಕೊಡಬಾರದು ಎನ್ನುವುದು ಇತ್ಯರ್ಥವಾಗಬೇಕು. ನಮ್ಮ ಜಿಲ್ಲೆಗಳಲ್ಲಿ ಇದು ಪುಸ್ತಕದಲ್ಲಿ ಕಾಣುವುದಕ್ಕಿಂತ ಕಷ್ಟದ ಪ್ರಶ್ನೆ. ಮೆಣಸು ಕುಯ್ಯುವ ತಿಂಗಳುಗಳಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರು ಬರುತ್ತಾರೆ. ಭುಜವೋ ಮಣಿಕಟ್ಟೋ ಎದ್ದು ಕಾಣುತ್ತಿರುತ್ತದೆ, ಎಲ್ಲರ ಕಣ್ಣೂ ಅಲ್ಲೇ. ಆದರೆ ಇಪ್ಪತ್ತು ಅಡಿಯಿಂದ ಬಿದ್ದ ಮನುಷ್ಯನ ಪಕ್ಕೆಲುಬು ಮುರಿದಿರಬಹುದು, ಮುರಿದ ಎಲುಬಿನ ಚೂಪು ಶ್ವಾಸಕೋಶಕ್ಕೆ ತಾಗಿ ಗಾಳಿ ಎದೆಗೂಡಿನೊಳಕ್ಕೆ ಸೋರಿರಬಹುದು. ನ್ಯೂಮೋಥೊರಾಕ್ಸ್ ಎನ್ನುವುದು ಇದನ್ನೇ. ಇಂಥವರಿಗೆ ಈ ಗ್ಯಾಸ್ ಕೊಟ್ಟರೆ ನೋವು ಕಮ್ಮಿಯಾಗುತ್ತಾ ಉಸಿರು ಕಟ್ಟುತ್ತಾ ಹೋಗುತ್ತದೆ.

ಕಾರಣ ಇಷ್ಟು. ಒಳಗೆ ಸಿಕ್ಕಿಕೊಂಡ ಗಾಳಿಯಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ನೈಟ್ರೋಜನ್‌ಗಿಂತ ಸುಮಾರು 30 ಪಟ್ಟು ಹೆಚ್ಚು ಕರಗುತ್ತದೆ. ಹಾಗಾಗಿ ರಕ್ತ ಹೊತ್ತು ತಂದ ನೈಟ್ರಸ್ ಆ ಗಾಳಿಯ ಚೀಲದೊಳಕ್ಕೆ ಬೇಗ ನುಗ್ಗುತ್ತದೆ, ಅಲ್ಲಿರುವ ನೈಟ್ರೋಜನ್ ಅಷ್ಟು ಬೇಗ ಹೊರಬರಲಾರದು. ಅರ್ಧಕ್ಕರ್ಧ ಮಿಶ್ರಣದಲ್ಲಿ, ಜಾಗ ಹಿಗ್ಗುವಂತಿದ್ದರೆ, ಗಾಳಿಯ ಗಾತ್ರ ಲೆಕ್ಕದ ಪ್ರಕಾರ ಎರಡು ಪಟ್ಟಿಗೆ ಹೋಗಬಹುದು. ಹಿಗ್ಗಲು ಜಾಗವಿಲ್ಲದ ಕಡೆ ಒತ್ತಡ ಏರುತ್ತದೆ. ಕರುಳು ಕಟ್ಟಿಕೊಂಡವರಿಗೆ, ಇತ್ತೀಚೆಗೆ ಕಿವಿಯೊಳಗೆ ಶಸ್ತ್ರಚಿಕಿತ್ಸೆ ಆದವರಿಗೆ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಆದ್ದರಿಂದ ಬಿದ್ದವರು ಯಾರೇ ಆಗಲಿ, ಸಿಲಿಂಡರ್‌ಗೆ ಕೈ ಹಾಕುವ ಮುಂಚೆ ಅಂಗಿ ಬಿಚ್ಚಿಸಿ ಎದೆ ನೋಡುತ್ತೇವೆ. ಎರಡೂ ಕಡೆ ಸಮನಾಗಿ ಏಳುತ್ತಿದೆಯೇ, ಪಕ್ಕೆ ಒತ್ತಿದರೆ ನೋವಿದೆಯೇ, ಚರ್ಮದಡಿಯಲ್ಲಿ ಮಂಡಕ್ಕಿ ಒತ್ತಿದ ಹಾಗೆ ಚರಚರ ಅನ್ನುತ್ತಿದೆಯೇ, ಸ್ಟೆತಸ್ಕೋಪಿನಲ್ಲಿ ಒಂದು ಕಡೆ ಸದ್ದು ಕುಗ್ಗಿದೆಯೇ. ಸಂಶಯ ಬಂದರೆ ಎದೆಯ ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ಆಗುವ ತನಕ ಗ್ಯಾಸ್ ಇಲ್ಲ. ಆಂಬುಲೆನ್ಸಿನಲ್ಲಿ ಎಕ್ಸ್-ರೇ ಇರುವುದಿಲ್ಲ. ಆದ್ದರಿಂದ ಅಲ್ಲಿ ಎತ್ತರದಿಂದ ಬಿದ್ದು ಎದೆ ನೋವು ಎನ್ನುವವರಿಗೆ ಕೊಡುವುದೇ ಇಲ್ಲ. ಇದು ಅತಿಯಾಯಿತು ಎನ್ನುವವರಿದ್ದಾರೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವಿನ ಮಧ್ಯೆ, ಮಳೆಯಲ್ಲಿ, ಎದೆಗೆ ಸೂಜಿ ಚುಚ್ಚಿ ಗಾಳಿ ತೆಗೆಯುವ ಪ್ರಸಂಗ ತಂದುಕೊಳ್ಳುವುದಕ್ಕಿಂತ ಅತಿಯೇ ವಾಸಿ.

ಉಳಿದ ಪ್ರಶ್ನೆಗಳು ಬೇಗ ಮುಗಿಯುತ್ತವೆ. ತಲೆಗೆ ಪೆಟ್ಟಾಗಿ ಮಂಕಾಗಿದ್ದಾರೆಯೇ? ಹಾಗಿದ್ದರೆ ಬೇಡ, ಮಂಕು ಪೆಟ್ಟಿನದೋ ಗ್ಯಾಸಿನದೋ ಆಮೇಲೆ ತಿಳಿಯುವುದಿಲ್ಲ. ಕುಡಿದಿದ್ದಾರೆಯೇ? ಬಟವಾಡೆಯ ದಿನ ಈ ಪ್ರಶ್ನೆಗೆ ಉತ್ತರವನ್ನು ಮೂಗೇ ಕೊಡುತ್ತದೆ. ಮುಖದ ಎಲುಬು ಮುರಿದಿದೆಯೇ? ಬಸಿರಿಯೇ, ಎಷ್ಟು ತಿಂಗಳು? ಮೊದಲ ಮೂರು ತಿಂಗಳಲ್ಲಿ ಬೇರೆ ದಾರಿ ನೋಡುತ್ತೇವೆ. ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಮ್ಮಿ: ಇತ್ತೀಚೆಗೆ ಕಣ್ಣಿನ ಪರದೆಯ ಆಪರೇಷನ್ ಆಗಿದೆಯೇ? ರೆಟಿನಾ ಕೂರಿಸಲು ಕಣ್ಣೊಳಗೆ ಗ್ಯಾಸ್ ಗುಳ್ಳೆ ಬಿಟ್ಟಿರುತ್ತಾರೆ, ಅದು ಕರಗಲು ವಾರಗಳೇ ಬೇಕು. ನೈಟ್ರಸ್ ಆ ಗುಳ್ಳೆಯೊಳಗೆ ಹೊಕ್ಕರೆ ಕಣ್ಣೇ ಹೋಗಬಹುದು. ರೆಟಿನಾ ಎಂದು ಕೇಳಿದರೆ ಬಹಳ ಜನಕ್ಕೆ ತಿಳಿಯುವುದಿಲ್ಲ. "ಕಣ್ಣಿನ ಆಪರೇಷನ್ ಆದ್ಮೇಲೆ ಬೋರಲು ಮಲಗಿ ಅಂದಿದ್ರಾ?" ಎಂದು ಕೇಳಿದರೆ ತಟ್ಟನೆ ಹೇಳುತ್ತಾರೆ, ಬೋರಲು ಮಲಗಿದ ಕಷ್ಟ ಯಾರೂ ಮರೆಯುವುದಿಲ್ಲ.

ಇನ್ನು ಸಾಮಾನು. ಸಿದ್ಧ ಮಿಶ್ರಣದ ಚಿಕ್ಕ ಸಿಲಿಂಡರ್, ಡಿ ಸೈಜಿನದು, ತುಂಬಿದಾಗ 137 ಬಾರ್ ಒತ್ತಡದಲ್ಲಿ 500 ಲೀಟರ್ ಗ್ಯಾಸ್ ಹಿಡಿಯುತ್ತದೆ. ಮೈ ನೀಲಿ, ಹೆಗಲಿನ ಮೇಲೆ ನೀಲಿ-ಬಿಳಿ ಪಟ್ಟೆ. ಆದರೆ ಬಣ್ಣ ನೋಡಿ ನಂಬಬಾರದು, ಚೀಟಿ ಓದಬೇಕು. ಬರೀ ನೈಟ್ರಸ್ಸಿನ ಸಿಲಿಂಡರೂ ನೀಲಿಯೇ. ಅದನ್ನು ತಪ್ಪಿ ಹಾಕದಂತೆ ತಡೆಯಲು ಕುತ್ತಿಗೆಯಲ್ಲಿ ಪಿನ್ ಇಂಡೆಕ್ಸ್ ಇದೆ, ಅಂದರೆ ರೆಗ್ಯುಲೇಟರಿನ ಪಿನ್ನು ಕೂರಲು ಒಂದೊಂದು ಗ್ಯಾಸಿಗೂ ಬೇರೆ ಬೇರೆ ಜಾಗದಲ್ಲಿ ಕೊರೆದ ತೂತು. ಆಕ್ಸಿಜನ್‌ಗೆ 2 ಮತ್ತು 5, ನೈಟ್ರಸ್‌ಗೆ 3 ಮತ್ತು 5ನೇ ಸ್ಥಾನದಲ್ಲಿ ತೂತು. ಈ ಮಿಶ್ರಣಕ್ಕೆ ನಡುವಿನಲ್ಲಿ ಒಂದೇ ಒಂದು, 7ನೇ ಸ್ಥಾನ. ಕೂರದಿದ್ದರೆ ಅದು ಬೇರೆ ಸಿಲಿಂಡರ್ ಎಂದೇ ಅರ್ಥ. ಬಲವಂತ ಮಾಡಿ ಕೂರಿಸಿದ ಜಾಣರೂ ಉಂಟು.

ಗೇಜು ಓದುವುದರಲ್ಲಿ ಒಂದು ಸೂಕ್ಷ್ಮವಿದೆ. ಬರೀ ನೈಟ್ರಸ್ಸಿನ ಸಿಲಿಂಡರ್ ನಮ್ಮ ಅಡುಗೆಮನೆಯ ಸಿಲಿಂಡರಿನ ಹಾಗೆ, ಒಳಗೆ ದ್ರವ. ದ್ರವ ಇರುವಷ್ಟು ಹೊತ್ತು ಗೇಜಿನ ಮುಳ್ಳು ಅಲ್ಲಾಡುವುದಿಲ್ಲ, ಮುಳ್ಳು ಇಳಿಯಲು ಶುರುವಾಯಿತು ಅಂದರೆ ಗ್ಯಾಸ್ ಮುಗಿಯುತ್ತಾ ಬಂತು. ಎಷ್ಟಿದೆ ಎಂದು ತಿಳಿಯಲು ತೂಗಬೇಕು. ಮಿಶ್ರಣದ ಸಿಲಿಂಡರಿನಲ್ಲಿ ಹಾಗಲ್ಲ. ಆಕ್ಸಿಜನ್ ಜೊತೆ ಬೆರೆತಾಗ ನೈಟ್ರಸ್ ಅಷ್ಟು ಒತ್ತಡದಲ್ಲೂ ಗಾಳಿಯಾಗಿಯೇ ಉಳಿಯುತ್ತದೆ. 1961ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ಎರಡನ್ನೂ ಒಂದೇ ಸಿಲಿಂಡರಿನಲ್ಲಿ ಕೊಡುವುದನ್ನು ಚಾಲ್ತಿಗೆ ತಂದದ್ದು ಈ ಗುಣದಿಂದಲೇ ಸಾಧ್ಯವಾಯಿತು. ಹಾಗಾಗಿ ಗೇಜು ಅರ್ಧ ಇದ್ದರೆ ಗ್ಯಾಸೂ ಅರ್ಧ. ನೋವಿನಲ್ಲಿರುವ ದೊಡ್ಡವರು ನಿಮಿಷಕ್ಕೆ ಸುಮಾರು 10 ಲೀಟರ್ ಎಳೆದರೆ ತುಂಬಿದ ಸಿಲಿಂಡರ್ ಬಿಡದೆ ಎಳೆದರೂ 50 ನಿಮಿಷ. ಸಕಲೇಶಪುರದ ಓಡಾಟಕ್ಕೆ ಅಷ್ಟು ಸಾಕು. ಕಾಲು ಭಾಗಕ್ಕಿಂತ ಕೆಳಗಿಳಿದ ಸಿಲಿಂಡರ್ ಗಾಡಿ ಹತ್ತುವುದಿಲ್ಲ.

ಚಳಿಯ ಬಗ್ಗೆ ಕೈಪಿಡಿಗಳಲ್ಲಿ ಪುಟಗಟ್ಟಲೆ ಇರುತ್ತದೆ. ಸೊನ್ನೆಗಿಂತ ಸುಮಾರು 6 ಡಿಗ್ರಿ ಕೆಳಗಿಳಿದರೆ ನೈಟ್ರಸ್ ದ್ರವವಾಗಿ ತಳಕ್ಕೆ ಕೂರುತ್ತದೆ. ಆಗ ಮೊದಲು ಬರುವುದು ಹೆಚ್ಚಾಗಿ ಆಕ್ಸಿಜನ್, ನೋವು ಕಮ್ಮಿಯಾಗದು. ಕೊನೆಕೊನೆಗೆ ಬರುವುದು ಬಹುಪಾಲು ನೈಟ್ರಸ್, ಉಸಿರೇ ಸಾಲದು. ಮಾಘದ ಚಳಿಯಲ್ಲೂ ಹಾಸನ, ಚಿಕ್ಕಮಗಳೂರು ಆ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಹೊಸ ಸಿಲಿಂಡರನ್ನು ಮೂರು ಸಲ ತಲೆಕೆಳಗು ಮಾಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ, ಅರ್ಧ ನಿಮಿಷದ ಕೆಲಸ. ನಮ್ಮಲ್ಲಿ ನಿಜವಾಗಿ ಕಾಡುವುದು ಎತ್ತರ. ಎರಡೂ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸು, ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಮ್ಮಿ. ಮುಳ್ಳಯ್ಯನಗಿರಿಯ 1,930 ಮೀಟರಿನಲ್ಲಿ ಐದರಲ್ಲಿ ಒಂದು ಪಾಲು ಕಮ್ಮಿ. ಅರ್ಧ ಪಾಲು ನೈಟ್ರಸ್ ಎಲ್ಲಿದ್ದರೂ ಅರ್ಧ ಪಾಲೇ, ಆದರೆ ಒತ್ತಡ ಇಳಿದಷ್ಟು ಅದರ ಬಲವೂ ಇಳಿಯುತ್ತದೆ. ಗಿರಿಯ ಮೇಲೆ ಕಾಲು ಮುರಿದುಕೊಂಡವರಿಗೆ ಇದೊಂದನ್ನೇ ನಂಬಿಕೊಂಡು ಹೋಗಬಾರದು.

ಜೋಡಿಸುವ ಮುಂಚೆ ಕೈ ಒಣಗಿರಬೇಕು. ಕೊಬ್ಬರಿ ಎಣ್ಣೆ, ಹ್ಯಾಂಡ್ ಕ್ರೀಮ್, ಒಣಗದ ಸ್ಯಾನಿಟೈಸರ್ ಯಾವುದೂ ಕೂಡದು. ಈ ಗ್ಯಾಸ್ ತಾನು ಉರಿಯುವುದಿಲ್ಲ, ಆದರೆ ಉರಿಯುವುದನ್ನು ಜೋರು ಮಾಡುತ್ತದೆ. ವಾಲ್ವನ್ನು ಒಂದು ಚಣ ತೆರೆದು ದೂಳು ಊದಿಸಿ, ರೆಗ್ಯುಲೇಟರ್ ಕೂರಿಸಿ, ನಿಧಾನವಾಗಿ ಎಡಕ್ಕೆ ಎರಡು ಸುತ್ತು ತೆರೆಯುವುದು. ಬುಸ್ ಅಂದರೆ ನೂರಕ್ಕೆ ತೊಂಬತ್ತು ಸಲ ತಪ್ಪು ನಡುವಿನ ವಾಷರಿನದು. ಬೋಡೋಕ್ ವಾಷರ್ ಎನ್ನುವ ಲೋಹದ ಅಂಚಿನ ರಬ್ಬರ್ ಬಳೆ ಅದು. ಆಗ ಪ್ಲೈಯರ್ ಹಾಕಿ ಬಿಗಿಯುವುದು ಎಲ್ಲರಿಗೂ ಮೊದಲು ತೋಚುವ ಉಪಾಯ, ವಾಷರ್ ಇನ್ನಷ್ಟು ಸೀಳುತ್ತದೆ. ಮುಚ್ಚಿ, ಬಿಚ್ಚಿ, ಹೊಸದು ಹಾಕಬೇಕು. ಎರಡು ವಾಷರ್ ಯಾವಾಗಲೂ ಬ್ಯಾಗಿನಲ್ಲಿ ಇರಲಿ.

ಪೈಪಿನ ತುದಿಯಲ್ಲಿರುವುದು ಡಿಮ್ಯಾಂಡ್ ವಾಲ್ವ್. ರೋಗಿ ಎಳೆದಾಗ ಮಾತ್ರ ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಪರೀಕ್ಷೆಯ ಗುಂಡಿ ಒತ್ತಿ ಸದ್ದು ಕೇಳಿಸಿಕೊಂಡು, ಒಬ್ಬರಿಗೊಂದರಂತೆ ಹೊಸ ಫಿಲ್ಟರ್, ಹೊಸ ಮೌತ್‌ಪೀಸ್ ಹಾಕುತ್ತೇವೆ. ಹಲ್ಲಿಲ್ಲದ ಅಜ್ಜ-ಅಜ್ಜಿಯರಿಗೆ ಮೌತ್‌ಪೀಸಿನ ಸುತ್ತ ತುಟಿ ಕೂರುವುದಿಲ್ಲ, ಅವರಿಗೆ ಮಾಸ್ಕ್. ಬಾಯಲ್ಲಿ ಎಲೆಅಡಿಕೆ ಇದ್ದರೆ ಉಗಿಸಿ, ಬಾಯಿ ಮುಕ್ಕಳಿಸಿದ ಮೇಲೆಯೇ ಮುಂದಿನದು.

ಈಗ ಕೈಯ ವಿಷಯ. ಈ ಚಿಕಿತ್ಸೆಯ ಭದ್ರತೆ ಇರುವುದು ಯಂತ್ರದಲ್ಲಲ್ಲ, ರೋಗಿಯ ಕೈಯಲ್ಲಿ. ಅಮಲು ಹೆಚ್ಚಾದರೆ ಕೈ ಸೋಲುತ್ತದೆ, ಕೈ ಸೋತರೆ ಮೌತ್‌ಪೀಸ್ ಬಾಯಿಂದ ಜಾರುತ್ತದೆ, ಜಾರಿದರೆ ಮಾಮೂಲಿ ಗಾಳಿ ಒಳಗೆ ಹೋಗಿ ಒಂದೆರಡು ನಿಮಿಷದಲ್ಲಿ ಎಚ್ಚರ ಮರಳುತ್ತದೆ. ಇದನ್ನು ಕೆಡಿಸಲು ಮೂರು ದಾರಿ ಇವೆ, ಮೂರನ್ನೂ ಜನ ಪ್ರೀತಿಯಿಂದಲೇ ಹಿಡಿಯುತ್ತಾರೆ. ಹೆಂಡತಿಯೋ ಅಣ್ಣನೋ "ಪಾಪ, ಕೈ ಸೋಲ್ತಾ ಇದೆ" ಎಂದು ಮಾಸ್ಕನ್ನು ತಾವೇ ಮುಖಕ್ಕೆ ಒತ್ತಿ ಹಿಡಿಯುವುದು. ಹೊಸದಾಗಿ ಸೇರಿದ ಹುಡುಗರು ಆಕ್ಸಿಜನ್ ಮಾಸ್ಕಿನ ಹಾಗೆ ಪಟ್ಟಿ ಕಟ್ಟುವುದು. ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ: ಮೊಣಕೈಗೆ ದಿಂಬು ಕೊಡುವುದು. ದಿಂಬಿನ ಮೇಲೆ ಊರಿದ ಕೈ ನಿದ್ದೆ ಬಂದರೂ ಬೀಳುವುದಿಲ್ಲ, ಮಾಸ್ಕ್ ಮುಖದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಹಿಡಿಯುವ ಕೈಯ ಮೊಣಕೈ ಗಾಳಿಯಲ್ಲಿರಬೇಕು.

ಭುಜದ ರೋಗಿಗಳಲ್ಲಿ ಇದಕ್ಕೊಂದು ತೊಡಕಿದೆ. ಅವರಿಗೆ ಉಳಿದ ಒಂದೇ ಕೈ ನೋಯುವ ಕೈಯನ್ನು ಹೊತ್ತುಕೊಂಡಿದೆ. ಅದನ್ನು ಬಿಡಿ ಅಂದರೆ ಬಿಡುವುದಿಲ್ಲ. ಮೊದಲು ಕಂಬಳಿ ಮಡಿಸಿ ನೋಯುವ ತೋಳಿನ ಕೆಳಗೆ, ಪಕ್ಕೆಗೆ ಒತ್ತಾಗಿ, ಒಂದಿಂಚೂ ಅಲ್ಲಾಡದಂತೆ ತುಂಬಬೇಕು. ಭಾರ ಕಂಬಳಿಗೆ ಹೋಗಿದ್ದು ಅವರಿಗೇ ಗೊತ್ತಾಗಿ, ಬೆರಳು ಒಂದೊಂದಾಗಿ ಸಡಿಲವಾಗುತ್ತವೆ. ಆಗ ಆ ಕೈಗೆ ಮೌತ್‌ಪೀಸ್ ಕೊಡುವುದು.

ಎಳೆಯುವುದನ್ನು ಹೇಳಿಕೊಡುವ ಮಾತೂ ಮುಖ್ಯ. ಎಳನೀರು ಕುಡಿದ ಹಾಗೆ ಎಳೀರಿ ಅಂದರೆ ಕೆನ್ನೆಯಲ್ಲಿ ಎಳೆಯುತ್ತಾರೆ. ವಾಲ್ವ್ ಒಮ್ಮೆ ಚುಸ್ ಅಂದು ಸುಮ್ಮನಾಗುತ್ತದೆ, ಎದೆಗೆ ಏನೂ ಹೋಗುವುದಿಲ್ಲ. ಬೀಡಿ ಎಳೆದ ಹಾಗೆ ಅನ್ನುವುದೂ ಅಷ್ಟೇ, ಚಿಕ್ಕ ಚಿಕ್ಕ ದಮ್ಮು ಬರುತ್ತವೆ. "ಕೆರೇಲಿ ಮುಳುಗೋಕೆ ಮುಂಚೆ ಉಸಿರು ತುಂಬಿಕೊಳ್ತೀರಲ್ಲ, ಹಂಗೆ. ಆಮೇಲೆ ಅದರಲ್ಲೇ ಬಿಡಿ" ಅಂದರೆ ಸರಿಯಾಗುತ್ತದೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರಿಗೆ ನಮ್ಮ ಕನ್ನಡವಾಗಲಿ ಹರುಕು ಹಿಂದಿಯಾಗಲಿ ಸಾಲುವುದಿಲ್ಲ, ಮೌತ್‌ಪೀಸ್ ಇನ್ನೊಂದನ್ನು ನಾವೇ ಬಾಯಿಗಿಟ್ಟು ಮಾಡಿ ತೋರಿಸುತ್ತೇವೆ. ಮಾತು ಅರ್ಥವಾಗದಿದ್ದರೂ ನೋಡಿ ಮಾಡಿದರೆ ಸರಿ. ನೋಡಿಯೂ ಮಾಡಲಾಗದವರಿಗೆ ಇದು ಆಗಿಬರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಆಗದಿರುವುದೂ ಇದಕ್ಕೇ.

ಅರ್ಧ ನಿಮಿಷದಲ್ಲಿ ತಲೆ ಹಗುರಾಗುತ್ತದೆ. ಆದರೆ ಕೆಲಸ ಶುರುಮಾಡಲು ಎರಡು ನಿಮಿಷ ತಡೆಯಬೇಕು. ಈ ಎರಡು ನಿಮಿಷವನ್ನು ಗಡಿಯಾರ ನೋಡಿಯೇ ಎಣಿಸಬೇಕು, ಏಕೆಂದರೆ ಅವಸರದವರಿಗೆ ನಲವತ್ತು ಸೆಕೆಂಡೇ ಎರಡು ನಿಮಿಷದ ಹಾಗೆ ಕಾಣುತ್ತದೆ. ಈ ಹೊತ್ತಿನಲ್ಲಿ ಕೆಲವರು ನಗುತ್ತಾರೆ, ಕೆಲವರಿಗೆ ನಮ್ಮ ಮಾತು ದೂರದಿಂದ ಬಂದಂತೆ ಕೇಳಿಸುತ್ತದೆ. ಬೆರಳು ಜೋಮು ಹಿಡಿದು ಸೆಟೆದುಕೊಂಡರೆ ಅದು ಗ್ಯಾಸಿನದಲ್ಲ, ಏದುಸಿರು ಬಿಡುತ್ತಿರುವುದರಿಂದ. ನಿಧಾನ ಮಾಡಿಸಿದರೆ ಹೋಗುತ್ತದೆ. ವಾಕರಿಕೆ ಬಂದರೆ ಮೌತ್‌ಪೀಸ್ ತೆಗೆದು ಪಕ್ಕಕ್ಕೆ ತಿರುಗಿಸಲು ಒಬ್ಬರು ತಯಾರಿರಬೇಕು. ಮಾಸ್ಕಿನೊಳಗೆ ವಾಂತಿಯಾಗುವುದು ಯಾರಿಗೂ ಬೇಡ. ಬೆರಳಿಗೆ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಸ್ಯಾಚುರೇಷನ್ ಕ್ಲಿಪ್ಪು ಮೊದಲೇ ಹಾಕಿರುತ್ತದೆ.

"ಬರ್ತಾ ಇಲ್ಲ ಸಾರ್" ಎಂದು ರೋಗಿ ಹೇಳಿದರೆ ನಂಬಬೇಕು. ಚುಸ್ ಎನ್ನುವ ಸದ್ದು ಇಲ್ಲದಿದ್ದರೆ ಸಿಲಿಂಡರ್ ಮುಚ್ಚಿದೆ, ಪೈಪು ಸ್ಟ್ರೆಚರಿನ ಚಕ್ರದಡಿ ಸಿಕ್ಕಿದೆ, ಫಿಲ್ಟರ್ ಎಂಜಲಿನಿಂದ ನೆನೆದಿದೆ, ಇಲ್ಲವೇ ತುಟಿಯ ಸಂದಿಯಲ್ಲಿ ಗಾಳಿ ಸೋರುತ್ತಿದೆ. ಇವಿಷ್ಟನ್ನು ಸಿಲಿಂಡರ್ ಕಡೆಯಿಂದ ಬಾಯಿಯ ಕಡೆಗೆ ಕ್ರಮವಾಗಿ ನೋಡಿಕೊಂಡು ಬಂದರೆ ಅರ್ಧ ನಿಮಿಷ ಸಾಕು.

ಡಾಕ್ಟರು ಅಷ್ಟು ಹೊತ್ತಿಗೆ ನಾಡಿ ನೋಡಿ, ಭುಜದ ಹೊರಬದಿ ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಿ ಬರೆದಿರುತ್ತಾರೆ, ಎಕ್ಸ್-ರೇಯೂ ಆಗಿರುತ್ತದೆ. ಮೊಣಕೈ ಮಡಿಸಿ ತೋಳನ್ನು ಮೆಲ್ಲನೆ ಹೊರಕ್ಕೆ ತಿರುಗಿಸುತ್ತಾರೆ. ಎಲ್ಲ ಕೆಡುವುದು ಈ ಗಳಿಗೆಯಲ್ಲಿ. ನೋವು ಬಂದೀತು ಎನ್ನುವ ಭಯಕ್ಕೆ ರೋಗಿ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಾನೆ. ಗ್ಯಾಸ್ ಬೇಕಾದ ಹೊತ್ತಿನಲ್ಲೇ ಗ್ಯಾಸ್ ನಿಂತಿತು, ಸ್ನಾಯುವೂ ಬಿಗಿಯಿತು. ಅದಕ್ಕೇ ಒಬ್ಬ ಸಿಸ್ಟರ್‌ಗೆ ಬೇರೆ ಯಾವ ಕೆಲಸವನ್ನೂ ಹೇಳುವುದಿಲ್ಲ. ಅವರು ತಲೆಯ ಹತ್ತಿರ ನಿಂತು "ಎಳೀರಿ ಅಣ್ಣಾ... ಬಿಡಿ... ಎಳೀರಿ..." ಎನ್ನುತ್ತಲೇ ಇರಬೇಕು. ವಾಲ್ವಿನ ಸದ್ದು ನಿಂತರೆ ಡಾಕ್ಟರ ಕೈಯೂ ಅಲ್ಲೇ ನಿಲ್ಲಬೇಕು. ಮತ್ತೆ ನಾಲ್ಕು ಉಸಿರು, ಮತ್ತೆ ಒಂದಿಷ್ಟು ತಿರುಗಿಸುವುದು. ಟಕ್ ಎಂದು ಕೂತಾಗ ಎಷ್ಟೋ ಸಲ ರೋಗಿಯೇ ಮೊದಲು ಹೇಳುತ್ತಾನೆ.

ಎರಡು ಸಲ ಪ್ರಯತ್ನಪಟ್ಟೂ ಕೂರದಿದ್ದರೆ ಗ್ಯಾಸಿನ ಮೇಲೆ ಹಠ ಮಾಡಬಾರದು. ಇದು ನೋವಿನ ಮೊನೆ ಮುರಿಯುತ್ತದೆ, ಸ್ನಾಯುವನ್ನು ಸಡಿಲ ಮಾಡುವುದಿಲ್ಲ. ಮೂಟೆ ಹೊತ್ತ ಭುಜಗಳಿಗೆ ಕೀಲಿನೊಳಗೆ ಮರಗಟ್ಟಿಸುವ ಲಿಗ್ನೊಕೇನ್ ಅಥವಾ ಸರಿಯಾದ ಸಿದ್ಧತೆಯೊಂದಿಗೆ ಮಂಪರಿನ ಇಂಜೆಕ್ಷನ್ ಬೇಕಾಗುತ್ತದೆ. ಮೊದಲೇ ನೋವಿಗೆ ಫೆಂಟನಿಲ್ ಅಥವಾ ಮಂಪರಿಗೆ ಮಿಡಜೋಲಮ್ ಕೊಟ್ಟಿದ್ದರೆ ಅದರ ಮೇಲೆ ಗ್ಯಾಸೂ ಸೇರಿ ನಿದ್ದೆ ಹೆಚ್ಚುತ್ತದೆ, ಕಣ್ಣು ರೋಗಿಯ ಮೇಲಿನಿಂದ ಕದಲಬಾರದು.

ಉಸಿರಿನಲ್ಲಿ ಹೊರಬಂದ ನೈಟ್ರಸ್ ಎಲ್ಲಿ ಹೋಗುತ್ತದೆ ಎನ್ನುವುದನ್ನು ಬಹಳ ಜನ ಯೋಚಿಸುವುದಿಲ್ಲ. ಅದು ನಮ್ಮ ಮೂಗಿಗೇ ಬರುತ್ತದೆ. ಎಂಟು ಗಂಟೆಯ ಕೆಲಸದ ಸರಾಸರಿಗೆ ಬ್ರಿಟನ್ನಿನಲ್ಲಿ ಇಟ್ಟ ಮಿತಿ ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು. ಆಷಾಢದ ಮಳೆಯಲ್ಲಿ ಕಿಟಕಿ ಏರಿಸಿಕೊಂಡು ಘಾಟಿ ಹತ್ತುವ ಆಂಬುಲೆನ್ಸಿನಲ್ಲಿ ಅದನ್ನು ದಾಟುವುದು ಕಷ್ಟವೇನಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿ, ಒಂದು ಕಿಟಕಿಯನ್ನಾದರೂ ನಾಲ್ಕು ಬೆರಳು ಇಳಿಸಿ, ಒದ್ದೆಯಾದರೂ ಸರಿ. ಬಸಿರಿರುವ ಸಿಬ್ಬಂದಿಗೆ ಈ ಕೆಲಸ ಹಂಚಬಾರದು.

ಇನ್ನೊಂದು ಎಚ್ಚರ, ಭುಜದವರಿಗಲ್ಲ, ಸುಟ್ಟಗಾಯದವರಿಗೆ. ದಿನಾ ಡ್ರೆಸ್ಸಿಂಗಿಗೆ ಈ ಗ್ಯಾಸ್ ಕೊಡುವ ಆಸೆಯಾಗುತ್ತದೆ, ಅಷ್ಟು ಅನುಕೂಲ. ಆದರೆ ನೈಟ್ರಸ್ ಬಿ12 ವಿಟಮಿನ್ನಿನ ನಡುವೆ ಇರುವ ಕೋಬಾಲ್ಟನ್ನು ಕೆಡಿಸಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಒಂದು ಸಲ, ಇಪ್ಪತ್ತು ನಿಮಿಷ ಎಂದರೆ ದೇಹ ತಡೆದುಕೊಳ್ಳುತ್ತದೆ. ನಾಲ್ಕು ದಿನಕ್ಕೊಮ್ಮೆಗಿಂತ ಹೆಚ್ಚಾದರೆ ರಕ್ತಪರೀಕ್ಷೆಯ ನಿಗಾ ಬೇಕು. ಬಿಟ್ಟರೆ ರಕ್ತಹೀನತೆ, ಮುಂದೆ ಬೆನ್ನುಹುರಿಗೇ ಪೆಟ್ಟು. ಹುಟ್ಟಾ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರು, ದಿನಾ ಬೆಳಗ್ಗೆ ಆ ಇನ್ನೊಂದು ಗ್ಯಾಸಿಗೆ ಮಾತ್ರೆ ತೆಗೆದುಕೊಳ್ಳುವವರು, ಇವರಲ್ಲಿ ಬಿ12 ಮೊದಲೇ ಕಮ್ಮಿ ಇರಬಹುದು. ಪಾದ ಜೋಮು ಹಿಡಿಯುತ್ತದೆಯೇ, ನಾಲಿಗೆ ಉರಿಯುತ್ತದೆಯೇ ಎಂದು ಕೇಳಿ, ಹೌದು ಎಂದರೆ ಬೇರೆ ಔಷಧ ಹುಡುಕುತ್ತೇವೆ.

ಭುಜ ಕೂತ ಮೇಲೆ ಮೌತ್‌ಪೀಸ್ ತೆಗೆದು ಐದಾರು ನಿಮಿಷ ಸ್ಯಾಚುರೇಷನ್ ನೋಡುತ್ತಾ ಕೂರಿಸುತ್ತೇವೆ, ಇಳಿದರೆ ಆಕ್ಸಿಜನ್. ನಾಡಿ, ಸ್ಪರ್ಶ ಮತ್ತೊಮ್ಮೆ ನೋಡಿ, ಸ್ಲಿಂಗ್ ಹಾಕಿ, ಇನ್ನೊಂದು ಎಕ್ಸ್-ರೇ. ಎದ್ದು ನಿಲ್ಲಿಸುವಾಗ ಪಕ್ಕದಲ್ಲಿ ಒಬ್ಬರು ಇರಬೇಕು, ಅರ್ಧ ಗಂಟೆಯಾದರೂ ಗಾಡಿ ಓಡಿಸುವಂತಿಲ್ಲ. ಸಿಲಿಂಡರ್ ಮುಚ್ಚಿ, ಗುಂಡಿ ಒತ್ತಿ ಪೈಪಿನಲ್ಲಿ ಉಳಿದ ಗ್ಯಾಸನ್ನು ಕಿಟಕಿಯ ಕಡೆಗೆ ಬಿಟ್ಟು, ಮುಳ್ಳು ಸೊನ್ನೆಗೆ ಬಂದದ್ದು ನೋಡಿಕೊಂಡು ಬಿಚ್ಚುವುದು. ಮೌತ್‌ಪೀಸ್ ಕೆಂಪು ಚೀಲಕ್ಕೆ, ಸಿಲಿಂಡರ್ ಬೀಗದ ಕಪಾಟಿಗೆ. ಗುಂಡಿ ಒತ್ತುವುದನ್ನು ಮರೆತು ಬೀಗ ಹಾಕಿದರೆ ಒತ್ತಡ ಉಳಿದು ವಾಲ್ವಿನ ಒಳಗಿನ ಪೊರೆ ಸೊರಗುತ್ತದೆ, ಗೇಜೂ ಬೆಳಗಿನ ಪಾಳಿಯವರಿಗೆ ಸುಳ್ಳು ಹೇಳುತ್ತದೆ.

ರಿಜಿಸ್ಟರಿನಲ್ಲಿ ಒಂದು ಸಾಲು ಸಾಕು: 11:40ಕ್ಕೆ ಶುರು, 11:58ಕ್ಕೆ ನಿಲುಗಡೆ. ಗೇಜು 110ರಿಂದ 70. ನೋವು ಹತ್ತಕ್ಕೆ 9, ಆಮೇಲೆ 3. ಒಮ್ಮೆ ವಾಕರಿಕೆ, ವಾಂತಿ ಇಲ್ಲ. ಮೌತ್‌ಪೀಸ್ ಹಿಡಿದವರು: ರೋಗಿ, ಎಡಗೈ.